ಮಗುವನ್ನು ಒಪ್ಪಿಸಿ 60 ದಿನ ದಾಟಿದೆ: ಮರಳಿ ಪಡೆಯುವ ದಾರಿ ಇದೆಯೇ?

ಪ್ರಶ್ನೆ: ನನಗೆ 24 ವರ್ಷ. ಮದುವೆಯಾಗಿ ಎರಡು ವರ್ಷವಾಯಿತು. ಬಸುರಿಯಾಗಿದ್ದಾಗ ಗಂಡನಿಗೂ ನನಗೂ ಜಗಳವಾಗಿ ಅವರು ದುಡಿಯಲು ಬೇರೆ ರಾಜ್ಯಕ್ಕೆ ಹೊರಟುಹೋದರು. ತವರಿನಲ್ಲಿ ಹೆರಿಗೆಯಾಯಿತು. ಮಗುವನ್ನು ಇಟ್ಟುಕೊಂಡು ಹೇಗೆ ಬದುಕುತ್ತೀಯ ಎಂದು ಮನೆಯವರು ದಿನಾ ಹೇಳುತ್ತಿದ್ದರು. ಮಗು 19 ದಿನದ್ದಿರುವಾಗ ನನ್ನನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕರೆದುಕೊಂಡು ಹೋದರು. ನಾನೊಬ್ಬಳೇ ಸಹಿ ಹಾಕಿದೆ. ಗಂಡನ ಸಹಿ ಇಲ್ಲ. ಪತ್ರದ ಪ್ರತಿಯೂ ನನ್ನ ಹತ್ತಿರ ಇಲ್ಲ. 55ನೇ ದಿನ ಮಗುವಿರುವ ಕೇಂದ್ರಕ್ಕೆ ಹೋಗಿ ಮಗು ಬೇಕೆಂದು ಬಾಯಿಮಾತಿನಲ್ಲಿ ಕೇಳಿದ್ದೆ. ಮುಂದಿನ ವಾರ ಬಾ ಎಂದರು. ಈಗ ಗಂಡ ಮರಳಿ ಬಂದಿದ್ದಾರೆ. ಇಬ್ಬರಿಗೂ ಮಗು ಬೇಕು. ಸಹಿ ಹಾಕಿ ಇವತ್ತಿಗೆ 71 ದಿನ. 60 ದಿನ ಮುಗಿದಿದೆ, ಇನ್ನು ಏನೂ ಮಾಡಲು ಬರುವುದಿಲ್ಲ ಎನ್ನುತ್ತಿದ್ದಾರೆ. ನಿಜವೇ? ಕೇಳಲು ಹೋದರೆ ಪೊಲೀಸ್ ಕೇಸ್ ಆಗುತ್ತದೆಯೇ?

ಉತ್ತರ: ಏನೂ ಮಾಡಲು ಬರುವುದಿಲ್ಲ ಎಂಬುದು ಸರಿಯಲ್ಲ. ನಿಮ್ಮಂಥ ಸ್ಥಿತಿಯಲ್ಲಿ ಮಗುವನ್ನು ಕೇಳಲು ಕಾನೂನಿನಲ್ಲಿ ದಾರಿ ಇದೆ, ಅದರಲ್ಲೂ ನಿಮ್ಮ ಗಂಡನ ಸಹಿ ಇಲ್ಲದಿರುವುದು ಬಹಳ ದೊಡ್ಡ ವಿಷಯ. ಆದರೆ ಆ ದಾರಿ ದಿನದಿಂದ ದಿನಕ್ಕೆ ಕಿರಿದಾಗುತ್ತಿದೆ. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಮಾಡಬೇಕಾದ ಎರಡು ಕೆಲಸ ಹೇಳುತ್ತೇನೆ.

ಮೊದಲನೆಯದು, ನಾಳೆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನಿಮ್ಮ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿ ಲಿಖಿತ ಅರ್ಜಿ ಕೊಡಿ. ಕೇಂದ್ರಕ್ಕಲ್ಲ, ಸಮಿತಿಗೆ. ಎರಡನೆಯದು, ಅಂದೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಉಚಿತ ವಕೀಲರನ್ನು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗಬೇಕು. ಹೋಗಲು ತಡವಾಗುವುದಾದರೆ 15100 ಸಂಖ್ಯೆಗೆ ಕರೆ ಮಾಡಬಹುದು.

ಪೊಲೀಸ್ ಕೇಸಿನ ಹೆದರಿಕೆ ಬಿಡಿ. ಒಪ್ಪಿಸಿದ ಅಥವಾ ತೊರೆದ ಮಗುವಿನ ವಿಚಾರಣೆಯಲ್ಲಿ ಹೆತ್ತವರ ಮೇಲೆ ಎಫ್‌ಐಆರ್ ದಾಖಲಿಸಬಾರದು ಎಂದು 2015ರ ಬಾಲನ್ಯಾಯ ಕಾಯ್ದೆಯ 38ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ನೀವು ಮಗುವನ್ನು ಬಿಟ್ಟು ಓಡಿಹೋದವರಲ್ಲ. ಕಾನೂನು ತೋರಿಸಿದ ಬಾಗಿಲಿಗೇ ಹೋಗಿದ್ದೀರಿ. ಹಾಗೆ ಹೋದ ತಾಯಿ ಮನಸ್ಸು ಬದಲಾಯಿಸಬಹುದು ಎಂದು ಊಹಿಸಿಯೇ ಕಾಯ್ದೆ ಬರೆದಿದ್ದಾರೆ.

ಈಗ ವಿಷಯಕ್ಕೆ ಬರೋಣ. ಅಂತರ್ಜಾಲದಲ್ಲಿ ಹುಡುಕಿದರೆ, ರದ್ದಾದ ಪೋಷಕರ ಹಕ್ಕನ್ನು ಮರಳಿ ಕೊಡುವ ಕಾನೂನುಗಳ ಬಗ್ಗೆ ಬಹಳಷ್ಟು ಬರಹ ಸಿಗುತ್ತದೆ. ಅವು ಹೆಚ್ಚಾಗಿ ಅಮೆರಿಕದ ರಾಜ್ಯಗಳವು. ಅಲ್ಲಿ ಕೆಲವು ರಾಜ್ಯಗಳಲ್ಲಿ, ಹಕ್ಕು ಹೋದ ಮೇಲೂ ಮಗು ದತ್ತು ಹೋಗದೆ ಉಳಿದಿದ್ದರೆ ಹಕ್ಕನ್ನು ಮರುಸ್ಥಾಪಿಸಲು ಪ್ರತ್ಯೇಕ ಅರ್ಜಿಯ ವ್ಯವಸ್ಥೆ ಇದೆ. ನಮ್ಮ ಕಾಯ್ದೆಯಲ್ಲಿ ಆ ಹೆಸರಿನ ಅರ್ಜಿ ಇಲ್ಲ. ಇಲ್ಲಿ ಇರುವುದು ಬೇರೆ ಬೇರೆ ಹಂತಗಳು, ಒಂದೊಂದು ಹಂತಕ್ಕೂ ಒಂದೊಂದು ಪರಿಹಾರ. ಮಗು ಈಗ ಯಾವ ಹಂತದಲ್ಲಿದೆ ಎಂದು ತಿಳಿಯದೆ ಯಾವ ಅರ್ಜಿ ಹಾಕಿದರೂ ಅದು ತಪ್ಪು ಕಚೇರಿಗೆ ಹೋಗುತ್ತದೆ, ವಾರಗಳು ಕಳೆದುಹೋಗುತ್ತವೆ.

ಮೊದಲ ಹಂತ ಪುನರ್ವಿಚಾರದ ಅವಧಿ. ಬಾಲನ್ಯಾಯ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಮಗುವನ್ನು ಒಪ್ಪಿಸುವ ಪತ್ರಕ್ಕೆ (ಕಚೇರಿಗಳಲ್ಲಿ ಇದನ್ನು ಸರೆಂಡರ್ ಡೀಡ್ ಎನ್ನುತ್ತಾರೆ) ಸಹಿ ಬಿದ್ದ ಮೇಲೆ ಹೆತ್ತವರಿಗೆ ಎರಡು ತಿಂಗಳ ಕಾಲಾವಕಾಶ ಇದೆ. ಕಾಯ್ದೆ ಎರಡು ತಿಂಗಳು ಎನ್ನುತ್ತದೆ, ದತ್ತು ನಿಯಮಾವಳಿ 60 ದಿನ ಎನ್ನುತ್ತದೆ. ಎರಡೂ ಒಂದೇ ಅಲ್ಲ. ಜುಲೈ 1ರಂದು ಸಹಿ ಹಾಕಿದರೆ ಎರಡು ತಿಂಗಳು ತುಂಬುವುದು ಸೆಪ್ಟೆಂಬರ್ 1ಕ್ಕೆ, 60 ದಿನ ತುಂಬುವುದು ಆಗಸ್ಟ್ 30ಕ್ಕೆ. ಕಚೇರಿಗಳು ಎಣಿಸುವುದು 60 ದಿನವನ್ನು. ಈ ಅವಧಿಯಲ್ಲಿರುವ ಬೇರೆ ಓದುಗರು ಯಾರಾದರೂ ಇದ್ದರೆ 60ನ್ನೇ ಕೊನೆ ಎಂದುಕೊಳ್ಳಿ. ಕೊನೆಯ ದಿನ ರಜೆ ಬರಬಹುದು, ಆದ್ದರಿಂದ 50ನೇ ದಿನದೊಳಗೆ ಅರ್ಜಿ ಕೊಟ್ಟುಬಿಡಿ. 60 ದಿನ ಮುಗಿದ ಮೇಲೆ ಒಪ್ಪಿಸಿದವರಿಗೆ ಇನ್ನೊಂದು ನೋಟಿಸು ಬರುವುದಿಲ್ಲ. ಅವಧಿ ಮುಗಿಯುತ್ತಿದೆ ಎಂದು ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಎರಡನೆಯ ಹಂತ, ಮಗು ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತವಾಗಿದೆ ಎಂಬ ಘೋಷಣೆ. ಅವಧಿ ಮುಗಿದೊಡನೆ ಕೇಂದ್ರವು ಮಗುವಿನ ವಿಷಯವನ್ನು ಸಮಿತಿಯ ಮುಂದೆ ತರುತ್ತದೆ. ಸಮಿತಿಯ ಕನಿಷ್ಠ ಮೂವರು ಸದಸ್ಯರು ತೀರ್ಮಾನಿಸಿ ಸಹಿ ಹಾಕಿದ ಪ್ರಮಾಣಪತ್ರ ಹೊರಡುತ್ತದೆ. ಮೂರನೆಯ ಹಂತದಲ್ಲಿ ಮಗುವಿನ ವಿವರ ಕೇರಿಂಗ್ಸ್ ಎಂಬ ರಾಷ್ಟ್ರೀಯ ಜಾಲತಾಣದ ಮೂಲಕ ದತ್ತು ಪಡೆಯಲು ಕಾದಿರುವ ದಂಪತಿಗೆ ಹೋಗುತ್ತದೆ. ಅವರು ಒಪ್ಪಿದರೆ ದತ್ತು ಪೂರ್ವ ಪಾಲನೆಗೆಂದು ಮಗುವನ್ನು ಮನೆಗೆ ಕರೆದೊಯ್ಯುತ್ತಾರೆ. ನಾಲ್ಕನೆಯದು ದತ್ತು ಆದೇಶ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ಈ ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿ ಹೊರಡಿಸುತ್ತಾರೆ.

ಪುಟ್ಟ, ಆರೋಗ್ಯವಂತ ಕೂಸಿನ ವಿಷಯದಲ್ಲಿ ಎರಡನೆಯ ಹಂತದಿಂದ ಮೂರನೆಯದಕ್ಕೆ ಹೋಗಲು ಹೆಚ್ಚು ಕಾಲ ಹಿಡಿಯುವುದಿಲ್ಲ. ಕಾದಿರುವ ದಂಪತಿಗಳ ಸಾಲು ಉದ್ದವಿದೆ, ಮಗುವಿನ ವಿವರ ಬಂದ ಮೇಲೆ ಅದನ್ನು ಕಾಯ್ದಿರಿಸಲು ಅವರಿಗಿರುವ ಸಮಯ 48 ಗಂಟೆ ಮಾತ್ರ. ನೀವು 71ನೇ ದಿನದಲ್ಲಿದ್ದೀರಿ. ಮಗು ಎರಡನೆಯ ಹಂತದಲ್ಲಿ ಇದ್ದೀತು, ಮೂರನೆಯದರ ಹೊಸ್ತಿಲಲ್ಲೂ ಇದ್ದೀತು. ಪ್ರಮಾಣಪತ್ರಕ್ಕೆ ಇನ್ನೂ ಸಹಿಯೇ ಬಿದ್ದಿಲ್ಲದಿರುವ ಸಾಧ್ಯತೆಯೂ ಇದೆ. ಸಮಿತಿಯ ಕಚೇರಿಯಲ್ಲಿ ನೀವು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಮುಕ್ತ ಎಂಬ ಆದೇಶ ಆಗಿದೆಯೇ, ಆಗಿದ್ದರೆ ಯಾವ ತಾರೀಖು?

ಇನ್ನೊಂದು ಅಂಶವನ್ನು ನಿಮ್ಮ ವಕೀಲರು ಮುಂದಿಡಬೇಕು. 63ನೇ ಸೆಕ್ಷನ್ ಪ್ರಕಾರ ಮಗುವಿಗೂ ಹುಟ್ಟಿದ ಮನೆಗೂ ಇರುವ ಸಂಬಂಧ ಪೂರ್ತಿ ಕಡಿದುಹೋಗುವುದು ದತ್ತು ಆದೇಶ ಜಾರಿಯಾದ ದಿನದಿಂದ. ಸಹಿ ಹಾಕಿದ ದಿನವೂ ಅಲ್ಲ, 60ನೇ ದಿನವೂ ಅಲ್ಲ. ಮುಕ್ತ ಎಂಬ ಘೋಷಣೆಯಿಂದ ಮಗುವನ್ನು ದತ್ತು ಕೊಡಲು ದಾರಿಯಾಗುತ್ತದೆ, ಅಷ್ಟೇ. ಹಾಗೆಂದು ಇದನ್ನು ದೊಡ್ಡ ಭರವಸೆ ಎಂದುಕೊಳ್ಳಬೇಡಿ. 60 ದಿನದ ಬಳಿಕ ನನ್ನ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲಾಗದು ಎಂಬ ಒಕ್ಕಣೆ ಆ ಪತ್ರದಲ್ಲೇ ಇರುತ್ತದೆ, ನಿಮ್ಮ ವಿರುದ್ಧ ಮೊದಲು ಓದುವುದು ಆ ಸಾಲನ್ನೇ. ಮನಸ್ಸು ಬದಲಾಯಿತು ಎಂಬ ಒಂದೇ ಕಾರಣ ಹಿಡಿದು 60 ದಿನದ ಆಚೆ ಗೆಲ್ಲುವುದು ಕಷ್ಟ. ಗೆಲ್ಲಲು ಆ ಒಪ್ಪಿಗೆ ಕಾನೂನು ಹೇಳಿದಂತೆ ಆಗಿರಲಿಲ್ಲ ಎಂದು ತೋರಿಸಬೇಕು. ನಿಮ್ಮ ಪ್ರಕರಣದಲ್ಲಿ ಅದಕ್ಕೆ ಮೂರು ಆಧಾರ ಕಾಣುತ್ತಿವೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ಗಂಡನ ಸಹಿ. ವಿವಾಹಿತ ದಂಪತಿಗೆ ಹುಟ್ಟಿದ ಮಗುವನ್ನು ಒಪ್ಪಿಸಬೇಕಾದರೆ ಇಬ್ಬರೂ ಸಹಿ ಹಾಕಬೇಕು ಎಂದು ದತ್ತು ನಿಯಮಾವಳಿ ಹೇಳುತ್ತದೆ. ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಕೊಡಬೇಕು. ಒಬ್ಬರು ಎಲ್ಲಿದ್ದಾರೆಂದೇ ಗೊತ್ತಿಲ್ಲದಿದ್ದರೆ ಆ ಮಗುವನ್ನು ಒಪ್ಪಿಸಿದ ಮಗುವೆಂದು ಎಣಿಸುವಂತಿಲ್ಲ. ತೊರೆದ ಮಗುವಿಗೆ ನಡೆಯುವ ವಿಚಾರಣೆಯೇ ನಡೆಯಬೇಕು, ಅಂದರೆ ಪತ್ರಿಕೆಯಲ್ಲಿ ಪ್ರಕಟಣೆ, ಪೊಲೀಸರಿಂದ ಪತ್ತೆಯಾಗಿಲ್ಲ ಎಂಬ ವರದಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಾಮಾಜಿಕ ತನಿಖೆ ಎಲ್ಲವೂ.

ಹಾಗಾಗಿ ನಿಮ್ಮ ಪತ್ರದಲ್ಲಿ ಗಂಡನ ಬಗ್ಗೆ ಏನು ಬರೆದಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಮದುವೆಯಾಗಿದೆ, ಗಂಡ ಇಂಥ ಕಡೆ ಇದ್ದಾರೆ ಎಂದು ಬರೆದಿದ್ದೂ ಸಹಿ ಕೇಳದೆ ಮುಂದುವರಿದಿದ್ದರೆ ಆ ಪತ್ರವೇ ನಿಯಮದಂತಿಲ್ಲ. ಎಲ್ಲಿದ್ದಾರೋ ಗೊತ್ತಿಲ್ಲ ಎಂದು ಬರೆದಿದ್ದರೆ ಮೇಲಿನ ವಿಚಾರಣೆ ನಡೆಯಿತೇ ಎಂದು ಕೇಳಬೇಕು. ಬರೀ 60 ದಿನ ಎಣಿಸಿ ಮುಕ್ತ ಎಂದು ಘೋಷಿಸಿದ್ದರೆ ಅದೂ ತಪ್ಪೇ. ಮೂರನೆಯ ಸಾಧ್ಯತೆ ಅಹಿತಕರವಾದದ್ದು: ಬೇಗ ಮುಗಿಯಲೆಂದು ಮನೆಯವರು ನಿಮ್ಮನ್ನು ಅವಿವಾಹಿತೆ ಎಂದು ಬರೆಸಿರಬಹುದು, ಏಕೆಂದರೆ ಅವಿವಾಹಿತ ತಾಯಿ ಒಬ್ಬಳೇ ಸಹಿ ಹಾಕಿದರೆ ಸಾಕು. ಹಾಗಾಗಿದ್ದರೆ ಮುಚ್ಚಿಡಬೇಡಿ. ಯಾರು ಬರೆಸಿದರು, ನೀವು ಯಾವ ಸ್ಥಿತಿಯಲ್ಲಿದ್ದಿರಿ ಎಂದು ವಕೀಲರಿಗೆ ಮೊದಲ ದಿನವೇ ಹೇಳಿ. ನೀವೇ ಹೇಳಿದ ಸತ್ಯವನ್ನು ನ್ಯಾಯಾಲಯ ಅರ್ಥ ಮಾಡಿಕೊಂಡೀತು, ಆಮೇಲೆ ಬೇರೆಯವರಿಂದ ಹೊರಬಿದ್ದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಎರಡನೆಯ ಆಧಾರ 55ನೇ ದಿನದ ಭೇಟಿ. ಅವಧಿಯೊಳಗೇ ಮಗುವನ್ನು ಕೇಳಿದ್ದೀರಿ. ಅದು ಬಾಯಿಮಾತಾದದ್ದು ನಿಮ್ಮ ದುರದೃಷ್ಟ. ತಾಯಂದಿರು ಇಲ್ಲಿ ಎಡವುವುದೇ ಹೆಚ್ಚು. ಕೇಂದ್ರದ ಆಯಾಗೆ, ಕಾವಲುಗಾರನಿಗೆ, ಆಪ್ತಸಮಾಲೋಚಕರಿಗೆ ಹೇಳಿ ಬಂದರೆ ಕೇಳಿದಂತಾಯಿತು ಎಂದುಕೊಳ್ಳುತ್ತಾರೆ, ಕಡತದಲ್ಲಿ ಮಾತ್ರ ಏನೂ ಇರುವುದಿಲ್ಲ. ಈಗ ಆ ಭೇಟಿಗೆ ಸಾಕ್ಷ್ಯ ಕೂಡಿಸಿ. ಕೇಂದ್ರದ ಬಾಗಿಲಲ್ಲಿ ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದಿದ್ದಿರಾ? ಅಂದು ಅಲ್ಲಿಗೆ ಫೋನ್ ಮಾಡಿದ್ದರೆ ಕರೆಯ ದಾಖಲೆ ಮೊಬೈಲಿನಲ್ಲಿ ಇದೆಯೇ? ಬಸ್ ಟಿಕೆಟ್, ಜೊತೆಗೆ ಬಂದವರು, ಯಾರಿಗಾದರೂ ಕಳಿಸಿದ ವಾಟ್ಸಾಪ್ ಸಂದೇಶ, ಯಾವುದಾದರೂ ಸರಿ. ಮೊಬೈಲಿನಲ್ಲಿರುವುದನ್ನು ಅಳಿಸಬೇಡಿ, ಹ್ಯಾಂಡ್‌ಸೆಟ್ ಬದಲಾಯಿಸಬೇಡಿ. ಸಂದರ್ಶಕರ ಪುಸ್ತಕವನ್ನೂ ಅಂದಿನ ಸಿಸಿಟಿವಿ ದೃಶ್ಯವನ್ನೂ ಕಾಯ್ದಿರಿಸಬೇಕೆಂದು ಅರ್ಜಿಯಲ್ಲೇ ಕೇಳಿ. ಅಂಥ ದೃಶ್ಯಗಳು ಹೆಚ್ಚು ದಿನ ಉಳಿಯುವುದಿಲ್ಲ, ಹಾಗಾಗಿ ಈ ಕೋರಿಕೆಯನ್ನು ಮುಂದೂಡಬೇಡಿ.

ಮೂರನೆಯದು ಸಹಿಗೆ ಮೊದಲು ನಡೆಯಬೇಕಿದ್ದ ಕೆಲಸ. ಸಮಿತಿ ವಿಚಾರಣೆ ಮಾಡಿ, ಆಪ್ತಸಮಾಲೋಚನೆ ಕೊಟ್ಟು, ಒಪ್ಪಿಸದೆ ಬೇರೆ ದಾರಿಯೇ ಇಲ್ಲ ಎಂದು ಮನವರಿಕೆಯಾದ ಮೇಲೆ ಪತ್ರ ಬರೆಸಿಕೊಳ್ಳಬೇಕು. ಮಗುವನ್ನು ತಾಯಿಯೇ ಇಟ್ಟುಕೊಳ್ಳಲು ಸಾಧ್ಯವೇ ಎಂದು ನೋಡಬೇಕು, ಆಮೇಲೆ ಹಿಂತಿರುಗಲಾಗದು ಎಂದು ಬಿಡಿಸಿ ಹೇಳಬೇಕು, ಪತ್ರದ ಪ್ರತಿ ಕೊಡಬೇಕು. ನಿಮಗೆ ಪ್ರತಿ ಸಿಕ್ಕಿಲ್ಲ. ನಿಮ್ಮೊಬ್ಬರನ್ನೇ ಕೂರಿಸಿ ಮಾತಾಡಿಸಿದರೇ, ಅಥವಾ ಒತ್ತಾಯ ಮಾಡಿದವರೇ ಪಕ್ಕದಲ್ಲಿ ಕುಳಿತಿದ್ದರೇ? ಎಷ್ಟು ಹೊತ್ತು? ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿದರೇ? ನೆನಪಿರುವುದನ್ನೆಲ್ಲ ಇವತ್ತೇ ಒಂದು ಹಾಳೆಯಲ್ಲಿ ದಿನಾಂಕ ಸಮೇತ ಬರೆದಿಡಿ. ಹೆರಿಗೆಯಾಗಿ 19 ದಿನಕ್ಕೆ ಸಹಿ ಹಾಕಿದ್ದೀರಿ. ಸಿಸೇರಿಯನ್ ಆಗಿತ್ತೇ, ಜ್ವರ, ರಕ್ತಹೀನತೆ, ಬಾಣಂತಿಯ ಖಿನ್ನತೆ ಏನಾದರೂ ಇತ್ತೇ ಎಂಬುದು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲೂ ಔಷಧಿ ಚೀಟಿಯಲ್ಲೂ ಇರುತ್ತದೆ. ಅವು ಬೇಕಾಗುತ್ತವೆ.

ಈಗ ಸಮಿತಿಗೆ ಕೊಡುವ ಅರ್ಜಿ. ಅದು ಒಂದೂವರೆ ಪುಟ ಮೀರದಿರಲಿ. ಮಗು ಹುಟ್ಟಿದ ದಿನ ಮತ್ತು ಆಸ್ಪತ್ರೆ, ಒಪ್ಪಿಸಿದ ದಿನ, ಮದುವೆಯಾದ ದಿನ, ಗಂಡನ ಸಹಿ ಪಡೆದಿಲ್ಲ ಎಂಬ ಮಾತು, 55ನೇ ದಿನ ಬಂದು ಕೇಳಿದ್ದು, ಪ್ರತಿ ಸಿಗದಿದ್ದದ್ದು ಇಷ್ಟನ್ನು ಬರೆಯಿರಿ. ಆಮೇಲೆ ಕೋರಿಕೆ, ಸರಿಸುಮಾರು ಹೀಗೆ: "ನಾವಿಬ್ಬರೂ ನಮ್ಮ ಮಗುವನ್ನು ಸಾಕಲು ಸಿದ್ಧರಿದ್ದೇವೆ. ಮಗುವನ್ನು ನಮಗೆ ಮರಳಿ ಒಪ್ಪಿಸಬೇಕು. ಮುಕ್ತ ಎಂಬ ಆದೇಶ ಆಗಿಲ್ಲದಿದ್ದರೆ ಹೊರಡಿಸಬಾರದು. ಆಗಿದ್ದರೆ ಅದರ ಮತ್ತು ಒಪ್ಪಿಸಿದ ಪತ್ರದ ದೃಢೀಕೃತ ಪ್ರತಿ ಕೊಡಬೇಕು. ಈ ಅರ್ಜಿ ಇತ್ಯರ್ಥವಾಗುವವರೆಗೆ ಮಗುವನ್ನು ದತ್ತು ಪೂರ್ವ ಪಾಲನೆಗೆ ಕೊಡದಂತೆ ಕೇಂದ್ರಕ್ಕೆ ಸೂಚಿಸಬೇಕು." ಇಬ್ಬರೂ ಸಹಿ ಹಾಕಿ. ಗಂಡ ಪ್ರತ್ಯೇಕವಾಗಿ ಇನ್ನೊಂದು ಅರ್ಜಿ ಕೊಡುವುದು ಇನ್ನೂ ಒಳ್ಳೆಯದು, ಏಕೆಂದರೆ ಅವರು ಯಾವ ಹಕ್ಕನ್ನೂ ಬಿಟ್ಟುಕೊಟ್ಟಿಲ್ಲ. ನಿಮ್ಮ ಒಪ್ಪಿಗೆಯ ಬಗ್ಗೆ ಏನೇ ತಕರಾರು ಎದ್ದರೂ ಅವರ ಅರ್ಜಿಗೆ ಅದು ತಾಗುವುದಿಲ್ಲ.

ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ವಾದಕ್ಕಿಳಿಯದೆ ಹತ್ತಿರದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಸಮಿತಿಯ ಅಧ್ಯಕ್ಷರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದೇ ಅರ್ಜಿಯ ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ, ಮಗುವಿರುವ ವಿಶೇಷ ದತ್ತು ಸಂಸ್ಥೆಗೂ, ಜಿಲ್ಲಾಧಿಕಾರಿಗೂ ಹೋಗಲಿ. ಸಮಿತಿಯ ಕಾರ್ಯವೈಖರಿಯ ಬಗ್ಗೆ ದೂರು ಕೇಳುವ ಅಧಿಕಾರ ಇರುವುದು ಜಿಲ್ಲಾಧಿಕಾರಿಗೆ, ದತ್ತು ಆದೇಶದ ಕಡತ ಕೊನೆಗೆ ಹೋಗುವುದೂ ಅವರ ಮೇಜಿಗೇ. ಹೆತ್ತವರ ತಕರಾರು ಇದೆ ಎಂಬುದು ಅವರ ಕಚೇರಿಗೆ ಮೊದಲೇ ತಿಳಿದಿರಬೇಕು.

ಮುಕ್ತ ಎಂಬ ಆದೇಶ ಆಗಿಲ್ಲದಿದ್ದರೆ ಸಮಿತಿಯೇ ವಿಚಾರಣೆ ಮಾಡಿ ಮಗುವನ್ನು ಕೊಡಬಹುದು. ಮಗುವನ್ನು ಮನೆಗೆ ಮರಳಿಸುವುದೇ ಕೇಂದ್ರಗಳ ಮೊದಲ ಗುರಿ ಎಂದು 40ನೇ ಸೆಕ್ಷನ್ ಹೇಳುತ್ತದೆ. ಮಗುವನ್ನು ಸಾಕುವ ಮೊದಲ ಹೊಣೆ ಹುಟ್ಟಿದ ಮನೆಯದು, ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಎಂದು 3ನೇ ಸೆಕ್ಷನ್ ತತ್ವವಾಗಿ ಹೇಳುತ್ತದೆ. ಆದೇಶ ಆಗಿಬಿಟ್ಟಿದ್ದರೆ, ಅದನ್ನು ಹಿಂಪಡೆಯಲು ನಮಗೆ ಅಧಿಕಾರವಿಲ್ಲ ಎಂದು ಸಮಿತಿ ಹೇಳಬಹುದು. ತನ್ನ ಆದೇಶ ತಿದ್ದುವ ಅಧಿಕಾರ 104ನೇ ಸೆಕ್ಷನ್‌ನಲ್ಲಿ ಸಮಿತಿಗೆ ಇದ್ದರೂ ಅದು ಮಗುವನ್ನು ಯಾವ ಸಂಸ್ಥೆಗೆ, ಯಾರ ವಶಕ್ಕೆ ಕಳಿಸಬೇಕು ಎಂಬುದಕ್ಕೆ ಮಾತ್ರ. ಆಗ ಅಲ್ಲೇ ಕಾಯುತ್ತ ಕೂರಬೇಡಿ.

ಮುಂದಿನ ಮೆಟ್ಟಿಲು ಮೇಲ್ಮನವಿ. 101ನೇ ಸೆಕ್ಷನ್ ಪ್ರಕಾರ ಸಮಿತಿಯ ಆದೇಶದ ವಿರುದ್ಧ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದ ಆವರಣದಲ್ಲೇ ಅದು ಇರುತ್ತದೆ. ನೀವು 71ನೇ ದಿನದಲ್ಲಿದ್ದೀರಿ, 60ಕ್ಕೆ ಮೊದಲು ಈ ಆದೇಶ ಆಗುವಂತಿಲ್ಲ. ಅಂದರೆ ಅದು ಎಷ್ಟೇ ಬೇಗ ಆಗಿದ್ದರೂ ಮೇಲ್ಮನವಿಯ ಅವಧಿಯಲ್ಲಿ ನಿಮಗೆ ಇನ್ನೂ ಎರಡು ವಾರಕ್ಕಿಂತ ಹೆಚ್ಚು ಉಳಿದಿದೆ. ತಡವಾಗಿ ಬರುವವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಕಾರಣವಿದ್ದರೆ ವಿಳಂಬ ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ, ನೋಟಿಸೇ ಬರದ ತಂದೆಯ ವಿಷಯದಲ್ಲಿ ಅದು ಬಲವಾದ ಕಾರಣ. ಮೇಲ್ಮನವಿಯ ಜೊತೆಗೇ ತಡೆಯಾಜ್ಞೆಯ ಅರ್ಜಿ ಹಾಕಬೇಕು. ಮೇಲ್ಮನವಿ ಹಾಕಿದ ಮಾತ್ರಕ್ಕೆ ದತ್ತು ಪ್ರಕ್ರಿಯೆ ನಿಲ್ಲುವುದಿಲ್ಲ. ತಡೆಯಾಜ್ಞೆ ಸಿಕ್ಕಿದ ದಿನವೇ ಅದರ ಪ್ರತಿಯನ್ನು ಕೇಂದ್ರಕ್ಕೂ ಮಕ್ಕಳ ರಕ್ಷಣಾ ಘಟಕಕ್ಕೂ ಜಿಲ್ಲಾಧಿಕಾರಿ ಕಚೇರಿಗೂ ಕೈಯಾರೆ ಮುಟ್ಟಿಸಿ ಸ್ವೀಕೃತಿ ಪಡೆಯಿರಿ. ಆದೇಶ ನ್ಯಾಯಾಲಯದಲ್ಲಿ ಆಗಿ, ಅದರ ಸುದ್ದಿ ಕೇಂದ್ರಕ್ಕೆ ಮುಟ್ಟುವ ಮೊದಲೇ ಮಗು ಹೊರಟುಹೋದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾದೀತು.

ಇದಕ್ಕೂ ಮೇಲೆ ಹೈಕೋರ್ಟ್ ಇದೆ. 102ನೇ ಸೆಕ್ಷನ್ ಪ್ರಕಾರ ಸಮಿತಿಯ ಯಾವುದೇ ಕಡತವನ್ನು ಯಾವಾಗ ಬೇಕಾದರೂ ತರಿಸಿ ಅದು ಕಾನೂನಿನಂತೆ ಇದೆಯೇ ಎಂದು ನೋಡುವ ಅಧಿಕಾರ ಹೈಕೋರ್ಟಿಗೆ ಇದೆ. ಇದನ್ನು ರಿವಿಷನ್ ಅರ್ಜಿ ಎನ್ನುತ್ತಾರೆ. ಕರ್ನಾಟಕದವರು ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಹೋಗಬೇಕು. ಕೆಲವರು ಅವಸರದಲ್ಲಿ ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಹಿಡಿದಿಟ್ಟವರನ್ನು ನ್ಯಾಯಾಲಯದ ಮುಂದೆ ತರಿಸುವ ಅರ್ಜಿ) ಹಾಕಿಸುತ್ತಾರೆ. ಸಮಿತಿಯ ಆದೇಶದಂತೆ ಕೇಂದ್ರದಲ್ಲಿರುವ ಮಗು ಅಕ್ರಮ ಬಂಧನದಲ್ಲಿದೆ ಎಂದು ವಾದಿಸುವುದು ಕಷ್ಟ, ಆದ್ದರಿಂದ ನೇರವಾಗಿ ಆದೇಶವನ್ನೇ ಪ್ರಶ್ನಿಸುವುದು ಮೇಲು. 2021ರಲ್ಲಿ ಕೇರಳ ಹೈಕೋರ್ಟ್‌ನಲ್ಲಿ ಅಂಥದೇ ಒಂದು ಅರ್ಜಿಯನ್ನು ಪೀಠವೇ 102ನೇ ಸೆಕ್ಷನ್‌ನ ರಿವಿಷನ್ ಆಗಿ ಪರಿಗಣಿಸಿತು. ಮದುವೆಯಾಗದೆ ಒಟ್ಟಿಗೆ ಬಾಳುತ್ತಿದ್ದ ಜೋಡಿಯ ಮಗುವನ್ನು ತಾಯಿ ಒಬ್ಬಳೇ ಒಪ್ಪಿಸಿದ್ದಳು. ಒಪ್ಪಿಸುವ ವಿಷಯದ ಮಟ್ಟಿಗೆ ಆ ಮಗುವನ್ನು ವಿವಾಹಿತ ದಂಪತಿಯ ಮಗುವಿನಂತೆಯೇ ಕಾಣಬೇಕಿತ್ತು ಎಂದು ಹೇಳಿ, ಮುಕ್ತ ಎಂಬ ಘೋಷಣೆಯನ್ನು ಪೀಠ ರದ್ದು ಮಾಡಿತು. ಬೇರೆ ರಾಜ್ಯದ ಹೈಕೋರ್ಟ್ ತೀರ್ಪು ನಮ್ಮಲ್ಲಿ ಕಡ್ಡಾಯವಲ್ಲ, ಆದರೆ ವಾದಕ್ಕೆ ಬಲ ಕೊಡುತ್ತದೆ. ನೀವು ಕಾನೂನುಬದ್ಧವಾಗಿ ಮದುವೆಯಾದವರು, ನಿಮ್ಮ ಸ್ಥಿತಿ ಅದಕ್ಕಿಂತಲೂ ಸ್ಪಷ್ಟ.

ಮಗು ಈಗಾಗಲೇ ದತ್ತು ಪೂರ್ವ ಪಾಲನೆಗೆ ಹೋಗಿದ್ದರೆ? ಆಗಲೂ ದಾರಿಗಳು ಇವೇ, ಆದರೆ ಭಾರ ಹೆಚ್ಚು. ಅದೇ 2021ರಲ್ಲಿ ತಿರುವನಂತಪುರದಲ್ಲಿ, ತನಗೆ ತಿಳಿಯದಂತೆ ಮನೆಯವರು ಮಗುವನ್ನು ದೂರ ಮಾಡಿದರು ಎಂದು ತಾಯಿಯೊಬ್ಬರು ಹೋರಾಡಿದರು. ಅಷ್ಟರಲ್ಲಿ ಮಗು ಆಂಧ್ರದ ದಂಪತಿಯ ಮನೆ ಸೇರಿತ್ತು. ಅಂತಿಮ ದತ್ತು ಆದೇಶ ಇನ್ನೂ ಆಗಿರಲಿಲ್ಲ. ಡಿಎನ್‌ಎ ಪರೀಕ್ಷೆಯ ಬಳಿಕ ಆ ವರ್ಷದ ನವೆಂಬರ್‌ನಲ್ಲಿ ಕುಟುಂಬ ನ್ಯಾಯಾಲಯ ಮಗುವನ್ನು ತಾಯಿಗೆ ಕೊಟ್ಟಿತು, ಮಗುವಿಗೆ ಆಗ ಒಂದು ವರ್ಷ ದಾಟಿತ್ತು. ಇನ್ನೊಂದು ಕಡೆಯಲ್ಲಿ ಆ ಮಗುವನ್ನು ತಿಂಗಳುಗಟ್ಟಲೆ ಎದೆಗವಚಿಕೊಂಡ ದಂಪತಿಯೂ ಇರುತ್ತಾರೆ, ಅವರದೇನೂ ತಪ್ಪಿರುವುದಿಲ್ಲ. ಮಗು ಯಾರಿಗೆ ಒಗ್ಗಿಕೊಂಡಿದೆ ಎಂಬುದನ್ನು ನ್ಯಾಯಾಲಯ ತೂಗಿಯೇ ತೂಗುತ್ತದೆ. ನಾಳೆಯೇ ಹೋಗಿ ಎಂದು ಒತ್ತಿ ಹೇಳುವುದು ಇದಕ್ಕೇ.

ದತ್ತು ಆದೇಶವೇ ಆಗಿಬಿಟ್ಟರೆ 30 ದಿನದೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ ಹೋಗುತ್ತದೆ. ಕರ್ನಾಟಕದಲ್ಲಿ ಈ ಹುದ್ದೆಯಲ್ಲಿರುವವರನ್ನು ಪ್ರಾದೇಶಿಕ ಆಯುಕ್ತರು ಎನ್ನುತ್ತಾರೆ. ನಾಲ್ಕು ವಾರದಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಹಂತದಲ್ಲಿ ವಂಚನೆ, ಖೋಟಾ ಸಹಿ, ಹೆತ್ತವರೊಬ್ಬರ ಒಪ್ಪಿಗೆಯೇ ಇಲ್ಲದಿರುವುದು ಇಂಥ ಬುಡದ ದೋಷಗಳಿಗೆ ಮಾತ್ರ ಕಿವಿಗೊಡುತ್ತಾರೆ.

ಕಾಗದಪತ್ರದಲ್ಲಿ ಗೆದ್ದು ಮನೆ ವರದಿಯಲ್ಲಿ ಸೋಲುವವರೂ ಇದ್ದಾರೆ, ಆದ್ದರಿಂದ ಇದಕ್ಕೆ ತಯಾರಾಗಿ. ಸಮಿತಿಯಾಗಲಿ ನ್ಯಾಯಾಲಯವಾಗಲಿ ಸಾಮಾಜಿಕ ತನಿಖಾ ವರದಿ ಕೇಳುತ್ತದೆ, ಸಮಾಜ ಕಾರ್ಯಕರ್ತರು ನಿಮ್ಮ ಮನೆಗೆ ಬರುತ್ತಾರೆ. ಅವರು ನೋಡುವುದು ಸಿರಿವಂತಿಕೆಯನ್ನಲ್ಲ. ಮಗು ಎಲ್ಲಿ ಮಲಗುತ್ತದೆ, ಹಗಲಲ್ಲಿ ಯಾರು ನೋಡಿಕೊಳ್ಳುತ್ತಾರೆ, ಹಾಲಿಗೆ ಏನು ವ್ಯವಸ್ಥೆ, ತಿಂಗಳಿಗೆ ಎಷ್ಟು ಬರುತ್ತದೆ, ಹುಷಾರು ತಪ್ಪಿದರೆ ಯಾವ ಆಸ್ಪತ್ರೆ, ಇವನ್ನು ಕೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಒಪ್ಪಿಸಲು ಕಾರಣವಾದದ್ದು ಈಗ ಬದಲಾಗಿದೆಯೇ ಎಂದು ಕೇಳುತ್ತಾರೆ. ಒತ್ತಾಯ ಮಾಡಿದ ತವರಿನಲ್ಲೇ ನೀವು ಇನ್ನೂ ಇದ್ದರೆ ಆ ಪ್ರಶ್ನೆಗೆ ಉತ್ತರ ಕಷ್ಟವಾಗುತ್ತದೆ. ಸಾಧ್ಯವಾದರೆ ಗಂಡನೊಂದಿಗೆ ಬೇರೆ ಮನೆ ಮಾಡಿ, ಬಾಡಿಗೆ ಕರಾರು ಇಟ್ಟುಕೊಳ್ಳಿ. ಗಂಡನ ಕೆಲಸದ ಬಗ್ಗೆ ಒಂದು ಪತ್ರ ಅಥವಾ ಕೂಲಿ ಜಮೆಯಾಗುವ ಬ್ಯಾಂಕ್ ಖಾತೆಯ ವಿವರ ಸಾಕು. ಗಂಡ ಮತ್ತೆ ಬಿಟ್ಟುಹೋದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯೂ ಬರುತ್ತದೆ. ಅದಕ್ಕೆ ಅಳು ಉತ್ತರವಾಗದು, ನಿಮ್ಮದೇ ದುಡಿಮೆಯ ಯೋಜನೆ, ನೆರವಿಗೆ ನಿಲ್ಲುವ ಒಬ್ಬರ ಹೆಸರು ಬೇಕು. ಅವರನ್ನು ಅಂದು ಮನೆಯಲ್ಲಿರಲು ಕೇಳಿಕೊಳ್ಳಿ.

ದಾಖಲೆಗಳಲ್ಲಿ ತಾಯಿ ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಮಗುವಿನ ಜನನ ಪ್ರಮಾಣಪತ್ರ, ಮದುವೆಯ ದಾಖಲೆ, ಇಬ್ಬರ ಆಧಾರ್, ಪಡಿತರ ಚೀಟಿ ಇರಲಿ. ಮದುವೆ ನೋಂದಣಿ ಆಗಿಲ್ಲದಿದ್ದರೆ ಲಗ್ನಪತ್ರಿಕೆ, ಫೋಟೊ, ಹಾಜರಿದ್ದವರ ಹೇಳಿಕೆ ತನ್ನಿ. ನೋಂದಣಿಗೂ ಈಗಲೇ ಅರ್ಜಿ ಹಾಕಿ.

ಬಡತನವೇ ಕಾರಣವಾಗಿತ್ತು ಎಂದಾದರೆ ಪ್ರಾಯೋಜಕತ್ವ ಯೋಜನೆಯನ್ನು ಅರ್ಜಿಯಲ್ಲೇ ಕೇಳಬಹುದು. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ಯೋಜನೆಯ ಅಡಿಯಲ್ಲಿ ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. 2022ರ ಮಾರ್ಗಸೂಚಿಯಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮೀಣ ಪ್ರದೇಶಕ್ಕೆ 72,000, ಉಳಿದೆಡೆಗೆ 96,000 ರೂಪಾಯಿ. ಇದನ್ನು ನಡೆಸುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ. ಈ ನೆರವಿನ ಬಗ್ಗೆ ಒಪ್ಪಿಸುವ ಮೊದಲು ಯಾರಾದರೂ ನಿಮಗೆ ಹೇಳಿದ್ದರೇ ಎಂಬುದೂ ಮೇಲ್ಮನವಿಯಲ್ಲಿ ಎತ್ತಬಹುದಾದ ಪ್ರಶ್ನೆ.

ಮಾಡಬಾರದ ಕೆಲವು ಕೆಲಸಗಳಿವೆ. ಮಗುವಿನ ಫೋಟೊ, ಹೆಸರು, ಕೇಂದ್ರದ ವಿವರವನ್ನು ಫೇಸ್‌ಬುಕ್‌ಗೆ ಹಾಕಬೇಡಿ, ಟಿವಿಯವರಿಗೂ ಕೊಡಬೇಡಿ. ಇಂಥ ಮಗುವಿನ ಗುರುತು ಬಹಿರಂಗ ಮಾಡುವುದು 74ನೇ ಸೆಕ್ಷನ್ ಪ್ರಕಾರ ಅಪರಾಧ, ಹೆತ್ತವರಿಗೂ ವಿನಾಯಿತಿ ಇಲ್ಲ. ದತ್ತು ಪಡೆಯುವ ದಂಪತಿಯನ್ನು ಹುಡುಕಿಕೊಂಡು ಹೋಗಬೇಡಿ. ಕೇಂದ್ರದ ಬಾಗಿಲಲ್ಲಿ ಗಲಾಟೆ ಮಾಡಿದರೆ ಅದು ಮನೆ ವರದಿಯಲ್ಲಿ ಒಂದು ಸಾಲಾಗಿ ಸೇರುತ್ತದೆ. ಹಣ ಕೊಟ್ಟರೆ ಮಗುವನ್ನು ಬಿಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿ ಬಂದರೆ ಅವನನ್ನು ಮನೆಯೊಳಗೆ ಸೇರಿಸಬೇಡಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ, ವಕೀಲರ ಗುಮಾಸ್ತರು ಕೇಳಿದರೂ.

ಇದೇ ಬಗೆಯ ಇನ್ನೆರಡು ಸ್ಥಿತಿಗಳ ಬಗ್ಗೆ ಓದುಗರು ಕೇಳುತ್ತಿರುತ್ತಾರೆ, ಇಲ್ಲೇ ಸೇರಿಸುತ್ತೇನೆ. ಛಾಪಾ ಕಾಗದದ ಮೇಲೆ ಬರೆದುಕೊಟ್ಟು ಮಗುವನ್ನು ಯಾರಿಗೋ ಕೊಟ್ಟಿದ್ದರೆ ಆ ಕಾಗದ ಮಾತ್ರದಿಂದ ಹೆತ್ತವರ ಹಕ್ಕು ಹೋಗುವುದಿಲ್ಲ. ಆದರೆ ಹಣ ಕೈ ಬದಲಾಗಿದ್ದರೆ ಅದು ಮಗುವಿನ ಮಾರಾಟವಾಗುತ್ತದೆ, 81ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಅಂಥವರು ಠಾಣೆಗೋ ಸಮಿತಿಗೋ ಹೋಗುವ ಮೊದಲು ವಕೀಲರ ಬಳಿ ಹೋಗಲಿ. 1956ರ ಹಿಂದೂ ದತ್ತಕ ಕಾಯ್ದೆಯಂತೆ ಕ್ರಮವಾಗಿ ಕೊಟ್ಟ ದತ್ತಕವನ್ನು ಮಾತ್ರ ಯಾರೂ ರದ್ದು ಮಾಡಲಾಗದು, 15ನೇ ಸೆಕ್ಷನ್ ಅದನ್ನು ಮುಚ್ಚಿಬಿಟ್ಟಿದೆ. ತಂದೆ ತಾಯಿ ಇಬ್ಬರೂ ಇರುವಾಗ ಒಬ್ಬರ ಒಪ್ಪಿಗೆ ಇರಲಿಲ್ಲ, ಅಥವಾ ಮಗುವನ್ನು ಕೈಯಾರೆ ಕೊಟ್ಟು ತೆಗೆದುಕೊಳ್ಳುವ ಕ್ರಿಯೆಯೇ ನಡೆದಿರಲಿಲ್ಲ ಎಂದಾದರೆ ಅದು ದತ್ತಕವೇ ಅಲ್ಲ ಎಂದು ದಾವೆ ಹೂಡಬಹುದು. ಅದಕ್ಕೆ ಕಾಲಮಿತಿ, ವಿಷಯ ತಿಳಿದ ದಿನದಿಂದ ಮೂರು ವರ್ಷ.

ವಿಚ್ಛೇದನದಲ್ಲಿ ಮಗುವಿನ ಸುಪರ್ದಿ ಕಳೆದುಕೊಂಡವರ ಸ್ಥಿತಿ ಬೇರೆ. ಅಲ್ಲಿ ಹಕ್ಕು ಹೋಗಿರುವುದಿಲ್ಲ, ಮಗು ಯಾರ ಬಳಿ ಇರಬೇಕು ಎಂಬುದಷ್ಟೇ ತೀರ್ಮಾನವಾಗಿರುತ್ತದೆ. ಸ್ಥಿತಿ ಬದಲಾದರೆ ಅದನ್ನು ಬದಲಾಯಿಸಲು ಅದೇ ಕುಟುಂಬ ನ್ಯಾಯಾಲಯಕ್ಕೆ ಮತ್ತೆ ಅರ್ಜಿ ಹಾಕಬಹುದು.

ಸಮಿತಿಗೆ ಹೋಗುವಾಗ ಗಂಡನ ಗುರುತಿನ ಚೀಟಿಯ ಮೂಲ ಪ್ರತಿ ಜೊತೆಗಿರಲಿ. ಮಗುವನ್ನು ನೋಡಲು ಅವಕಾಶ ಬೇಕೆಂದೂ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿ. ಕೊಡುತ್ತಾರೋ ಇಲ್ಲವೋ, ಕೇಳಿದ್ದು ದಾಖಲೆಯಲ್ಲಿ ಉಳಿಯುತ್ತದೆ.